ಒಂದು ಗುಟುಕು ಪೆಟ್ರೋಲ್

ಹೊಸ ಕಾರಿನ ಬಾನೆಟ್ ಎತ್ತಿ ಹಿಡಿದುಕೊಂಡು ಒಲಿಂಪಿಯೊ ಬಂಕಿನಲ್ಲಿ ನಿಂತಿದ್ದ. ಭೂಮಧ್ಯರೇಖೆಯ ಕೆಳಗಿನ ನಮ್ಮ ನಾಡಿನಲ್ಲಿ ಜುಲೈ ಎಂದರೆ ಚಳಿಗಾಲ. ಕಬ್ಬಿನ ಗದ್ದೆಗಳಿಂದ ಎದ್ದ ಮಂಜು ಪಂಪುಗಳ ಸೊಂಟ ಮುಟ್ಟಿತ್ತು. ಕಬ್ಬಿನಿಂದ ಮದ್ಯಸಾರ ತೆಗೆಯುವ ಮಿಲ್ಲಿನ ಕಡೆಯಿಂದ ಬರುವ ಹುಳಿಸಿಹಿ ವಾಸನೆಗೆ ನಮ್ಮೂರು ಬೆಳಗಿನ ಹೊತ್ತು ಸ್ವಲ್ಪ ಅಮಲೇರಿದಂತೆಯೇ ಇರುತ್ತದೆ. ಇನ್ನು ಒಲಿಂಪಿಯೊನನ್ನು ಕೇಳಬೇಕೇ! ಊರ ಬ್ಯಾಂಡಿನಲ್ಲಿ ದೊಡ್ಡ ತುತ್ತೂರಿ ಊದುವ ಈ ವಿಧುರ, ಅರವತ್ತು ದಾಟಿದರೂ ಅರ್ಧ ಕನಸಿನಲ್ಲೇ ಓಡಾಡುವ ಆಸಾಮಿ.

"ಜಾಂಡೀರಾ ಅವ್ರೇ, ಒಂದ್ ಗುಟುಕು ಪೆಟ್ರೋಲ್."

ಬಂಕಿನಲ್ಲೇ ತಲೆ ನರೆಸಿಕೊಂಡ, ಮದುವೆಯ ಗೊಡವೆಗೆ ಹೋಗದ ಜಾಂಡೀರಾ ಕೈಯೊರೆಸಿಕೊಳ್ಳುತ್ತಾ ಬಂದಳು. "ಇದ್ಯಾರ ಕಾರು?"

"ನಂದೇ. ಮಗಳು ಅಳಿಯ ಸಾವೊ ಪಾಲೊದಿಂದ ತಂದು ನಿಲ್ಸಿದ್ರು. ಹಳೇದನ್ನ ಗುಜರಿಗೆ ಹಾಕ್ಬಿಟ್ರು."

ಆ ಹಳೆಯ ಕಾರು ಕುಡಿಯುತ್ತಿದ್ದುದು ಬರೀ ಕಬ್ಬಿನ ಎಥನಾಲ್. ಚಳಿಯಲ್ಲಿ ಎಥನಾಲಿಗೆ ಬೇಗ ಕಿಡಿ ಹತ್ತುವುದಿಲ್ಲ. ಅದಕ್ಕೇ ಬಾನೆಟ್ಟಿನೊಳಗೆ ಪುಟ್ಟದೊಂದು ಪೆಟ್ರೋಲ್ ತೊಟ್ಟಿ. ಅದರಿಂದ ಒಂದು ಗುಟುಕು ಇಳಿದರೆ ಎಂಜಿನ್ ಕೆಮ್ಮಿ ಎಚ್ಚರವಾಗುತ್ತಿತ್ತು. ಒಮ್ಮೆ ತುಂಬಿಸಿದರೆ ತಿಂಗಳು ಬರುವ ಆ ತೊಟ್ಟಿಗೆ ಒಲಿಂಪಿಯೊ ಚಳಿಗಾಲವಿಡೀ ದಿನಾ ಬೆಳಿಗ್ಗೆ ಹಾಕಿಸಲು ಬರುತ್ತಿದ್ದ! ಜಾಂಡೀರಾ ಡಬ್ಬ ಹಿಡಿದು ಬಗ್ಗುವಳು, ಇವನೂ ಪಕ್ಕದಲ್ಲಿ ಬಗ್ಗುವನು. ಎರಡು ಮಾತು, ಅವಳಿಗೆಂದು ತಂದ ಬಿಸಿ ಚೀಸ್ ಬನ್ನು, ಅಷ್ಟೇ. ದುಡ್ಡು ಕೊಡಹೋದರೆ "ಗುಟುಕಿಗೆಂಥ ದುಡ್ಡು" ಎಂದು ಕೈ ಆಡಿಸಿಬಿಡುವಳು. ಈಗಿನ ಕಾರುಗಳಿಗೆ ಆ ಗುಟುಕು ಬೇಡ, ಎಥನಾಲನ್ನು ತಾವೇ ಬಿಸಿ ಮಾಡಿಕೊಂಡು ಹೊರಡುತ್ತವೆ. ಹಾಗಾದರೆ ಇನ್ನು ಮೇಲೆ ದಿನಾ ಇವಳ ಮುಖ ನೋಡಲು ನೆಪವಾದರೂ ಏನು? ರಾತ್ರಿಯೆಲ್ಲ ಹೊರಳಾಡಿದ ಒಲಿಂಪಿಯೊ, ಈ ಕಾರಿಗೂ ತೊಟ್ಟಿ ಇದ್ದೇ ಇರುತ್ತದೆಂದು ತನ್ನನ್ನು ತಾನೇ ನಂಬಿಸಿಕೊಂಡು ಬಂದಿದ್ದ.

"ಎಲ್ಲಿದೆ ತೊಟ್ಟಿ?"

"ಇಲ್ಲೇ ಇದ್ಯಲ್ಲ" ಎಂದು ಅವನು ಒಂದು ನೀಲಿ ಮುಚ್ಚಳ ತೋರಿಸಿದ.

ಪಕ್ಕದ ಪಂಪಿನಲ್ಲಿ ಲಾರಿಗೆ ಡೀಸೆಲ್ ಹಿಡಿಯುತ್ತಿದ್ದ ಬಂಕಿನ ಹುಡುಗ ವಾಲ್ದೆಸೀರ್ ಕತ್ತು ಚಾಚಿ ನೋಡಿ ಗಹಗಹಿಸಿದ. "ಅಯ್ಯೋ ಅಣ್ಣಾ! ಅದು ಗಾಜು ತೊಳೆಯೋ ನೀರಿನ ತೊಟ್ಟಿ! ಅದಕ್ಕೆ ಪೆಟ್ರೋಲ್ ಹಾಕಿ ಊರಿಗೇ ಬೆಂಕಿ ಹಚ್ತೀರಾ? ಈ ಕಾರಿಗೆ ಗುಟುಕೂ ಇಲ್ಲ, ಗಿಟುಕೂ ಇಲ್ಲ. ತಿಂಗಳಿಗೊಂದ್ಸಲ ಬಂದು ಟ್ಯಾಂಕ್ ತುಂಬಿಸ್ಕೊಳ್ಳಿ, ಮಿಕ್ಕಿದ್ ದಿನ ಬೆಚ್ಚಗೆ ಹೊದ್ಕೊಂಡು ಮಲಗಿ!"

ಒಲಿಂಪಿಯೊನ ಮುಖ ಹರಳೆಣ್ಣೆ ಕುಡಿದವನ ಮುಖದಂತಾಯಿತು. ಬಾನೆಟ್ ಹಿಡಿದಿದ್ದ ಕೈ ತಾನಾಗಿ ಕೆಳಗಿಳಿಯಿತು.

"ಮುಚ್ಬೇಡಿ, ಇರಿ" ಎಂದಳು ಜಾಂಡೀರಾ. "ಲೋ ವಾಲ್ದೆಸೀರ್, ನಿನ್ ಬಾಯಿಗಿಂತ ಲಾರಿ ಟ್ಯಾಂಕೇ ಬೇಗ ತುಂಬುತ್ತೆ. ಅದ್ನ ನೋಡ್ಕೋ ಹೋಗು."

ಒಳಗೆ ಹೋಗಿ ಉದ್ದ ಮೂತಿಯ ಡಬ್ಬ ತಂದು, ನೀಲಿ ಮುಚ್ಚಳ ತೆಗೆದು ಬಗ್ಗಿದಳು. ರೂಢಿಯಂತೆ ಅವನೂ ಬಗ್ಗಿದ. ಡಬ್ಬ ಗುಳುಗುಳು ಎಂದಿತು. ಮಂಜು ಇನ್ನಷ್ಟು ಒತ್ತಿಬಂದು ಲಾರಿ ಕಾಣದಾಯಿತು, ವಾಲ್ದೆಸೀರನ ನಗುವೂ ದೂರವಾಯಿತು. ತಾವಿಬ್ಬರೇ ಕಾರಿನಲ್ಲಿ ಕೂತು ಕಬ್ಬಿನ ನಡುವೆ ಸದ್ದಿಲ್ಲದೆ ಎಲ್ಲಿಗೋ ಹೋಗುತ್ತಿದ್ದೇವೆ, ಕಬ್ಬು ಎರಡೂ ಕಡೆ ಸರಿದು ದಾರಿ ಬಿಡುತ್ತಿದೆ ಎನ್ನಿಸಿತು ಅವನಿಗೆ. ಹೀಗೇ ಹೋಗುತ್ತಲೇ ಇದ್ದುಬಿಟ್ಟರೆ ಸಾಕಪ್ಪಾ ಎಂದುಕೊಂಡ. ಆಮೇಲೆ ಮೂಗು ಅರಳಿಸಿದ. ಪೆಟ್ರೋಲಿನ ವಾಸನೆಯೇ ಇಲ್ಲ.

"ಇದು ನೀರು."

"ನೀರೇ. ಗಾಜು ತೊಳೆಯೋ ತೊಟ್ಟಿಗೆ ಇನ್ನೇನ್ ಹಾಕ್ಲಿ?"

"ಹಾಗಾದ್ರೆ ನಿಮ್ಗೆ..."

"ಹಳೇ ಕಾರಿಗೆ ದಿನಾ ಏನ್ ಹಾಕ್ತಿದ್ದೆ ಅಂದ್ಕೊಂಡ್ರಿ?" ಜಾಂಡೀರಾ ತಲೆಯೆತ್ತಲಿಲ್ಲ. "ಆ ತೊಟ್ಟಿಗೆ ತಿಂಗಳಿಗೊಂದ್ಸಲ ಹಾಕಿದ್ರೆ ಸಾಕಿತ್ತು. ಮಿಕ್ಕಿದ್ ದಿನ ಖಾಲಿ ಡಬ್ಬ ಬಗ್ಗಿಸ್ಕೊಂಡು ನಿಲ್ತಿದ್ದೆ. ಹೋದ ಚಳಿಗೂ ಅಷ್ಟೇ, ಅದರ ಹಿಂದಿನ ಚಳಿಗೂ ಅಷ್ಟೇ."

ಇಷ್ಟು ದಿನ ತಾನೊಬ್ಬನೇ ನಾಟಕವಾಡುತ್ತಿದ್ದೇನೆ ಎಂದುಕೊಂಡಿದ್ದ ಮುದುಕನಿಗೆ ನಾಚಿಕೆಯಾಯಿತು, ಅಳು ಬಂತು, ಅಲ್ಲೇ ಕುಣಿದುಬಿಡೋಣ ಎಂದೂ ಅನ್ನಿಸಿತು. ಕಡೆಗೆ ಬಾಯಿಂದ ಹೊರಟದ್ದು ಇಷ್ಟೇ: "ನಾಳೆನೂ ನೀರು ಹಾಕಿಸ್ಕೊಳ್ಳೋಕೆ ಬರ್ಲಾ?"

ಜಾಂಡೀರಾ ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿ, ಅದರ ಮೇಲಿನ ಇಬ್ಬನಿಯನ್ನು ಬಟ್ಟೆಯಿಂದ ಒರೆಸಿದಳು.

"ಇವತ್ತೇ ಬನ್ನಿ, ಮಧ್ಯಾಹ್ನ, ನನ್ನ ಪಾಳಿ ಮುಗಿದ್ಮೇಲೆ" ಎಂದಳು. "ಬಾನೆಟ್ ತೆಗೀಬೇಡಿ. ಬಾಗಿಲು ತೆಗೀರಿ."