ಬಲಗಡೆ ಬಿದ್ದ ಹೂವು

ದೇವರು ನೇರವಾಗಿ ಉತ್ತರ ಕೊಡಲು ಶುರುಮಾಡಿದ ಮೇಲೆ ನಮ್ಮೂರಿನಲ್ಲಿ ಹೂ ಕೇಳದೆ ಯಾರೂ ಗ್ಯಾಸ್ ಸಿಲಿಂಡರ್ ಕೂಡ ಬುಕ್ ಮಾಡುವುದಿಲ್ಲ. ವಿಗ್ರಹದ ಬಲಗಡೆಯಿಂದ ಹೂವು ಬಿದ್ದರೆ ಸರಿ, ಎಡಗಡೆಯಿಂದ ಬಿದ್ದರೆ ಬೇಡ. ಒಮ್ಮೆಯೂ ಸುಳ್ಳಾದದ್ದಿಲ್ಲ. ಇವತ್ತು ಬೆಳಿಗ್ಗೆ ಅಮ್ಮ ದೋಸೆಹಿಟ್ಟು ಹುಳಿ ಬಂದಿದೆಯೇ ಎಂದು ಕೇಳಿದಳು. ಬಲಗಡೆ ಬಿತ್ತು. ದೋಸೆ ತಿಂದೆವು.

ಆಮೇಲೆ ಅಪ್ಪ ದೇವರಿಗೆ ಹೊಸ ಸೇವಂತಿಗೆ ಮುಡಿಸಿ, ನನ್ನನ್ನು ಎದುರಿಗೆ ಕೂರಿಸಿದರು.

“ನೀನೂ ಆ ಲೋಹಿತನೂ ಸಂಸಾರ ಮಾಡೋದು ಪಾಪ ಅಂತ ದೇವರ ಕೈಲೇ ಹೇಳಿಸ್ತೀನಿ ಕಣೋ.”

“ನಾವಿಬ್ರೂ ಯಾರಿಗೆ ಏನು ತೊಂದರೆ ಕೊಟ್ಟಿದೀವಪ್ಪ? ಇದನ್ನ ದೇವರನ್ನ ಕೇಳೋದೇ ತಪ್ಪು,” ಎಂದು ರೇಗಿದೆ.

ಅಪ್ಪ ಕೈಮುಗಿದರು. “ಸ್ವಾಮಿ, ಇವರಿಬ್ರೂ ಒಟ್ಟಿಗೆ ಬಾಳಬಹುದಾ?”

ಮಾತು ಮುಗಿಯುವ ಮೊದಲೇ ಹೂವು ಬಲಗಡೆ ಬಿತ್ತು.

ಕಾಲೇಜು ಸೇರಿದಂದಿನಿಂದ ಕೈಮುಗಿಯದ ನಾನು ಉದ್ದಕ್ಕೆ ಅಡ್ಡಬಿದ್ದೆ. ತಲೆ ಎತ್ತುವಷ್ಟರಲ್ಲಿ ಅಪ್ಪ ಫೋನ್ ಹಿಡಿದಿದ್ದರು. ಆ ಕಡೆ, ನನಗೆಂದು ನೋಡಿಟ್ಟಿದ್ದ ತಿಪಟೂರಿನ ಹುಡುಗಿಯ ತಂದೆ.

“ಪ್ರಸಾದ ಆಯ್ತು ಬೀಗರೇ. ಬಲಗಡೆನೇ ಕೊಟ್ಟಿದೆ. ಮುಹೂರ್ತ ಇಡಿಸಿ.”

ಹೂವಿನ ವಿಷಯದಲ್ಲಿ ಸುಳ್ಳು ಹೇಳಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಎಡಗಡೆಯಿಂದ ಒಂದು ಹೂವು ಬಿತ್ತು. ಮತ್ತೊಂದು ಬಿತ್ತು. ಆಮೇಲೆ ಮುಡಿಸಿದ್ದಷ್ಟೂ ಎಡಗಡೆಗೇ ಉದುರಿತು. ಅಪ್ಪ ಬೆನ್ನು ತಿರುಗಿಸಿಕೊಂಡು ಛತ್ರದ ಮಾತಾಡುತ್ತಿದ್ದರು. ಅಮ್ಮ ಎಲ್ಲವನ್ನೂ ಗುಡಿಸಿ ಮೊರಕ್ಕೆ ತುಂಬಿಕೊಂಡಳು.

“ಫ್ಯಾನ್ ಗಾಳಿಗೆ ಬಿದ್ದಿದ್ದು,” ಎಂದಳು, ನನ್ನ ಮುಖ ನೋಡದೆ.

ನಮ್ಮ ದೇವರಮನೆಯಲ್ಲಿ ಫ್ಯಾನೇ ಇಲ್ಲ.