ಕೂಗಿಗೆ ಬೇಕಾದ ಉಸಿರು

ಬಾಯಲ್ಲಿ ಉಸಿರಾಡಿದರೆ ಗದ್ದ ಹಿಂದೆ ಸರಿದು ಮುಖ ಕೆಡುತ್ತದೆಂದು ಸರ್ಕಾರ ಎಲ್ಲರ ತುಟಿಗೂ ಪಟ್ಟಿ ಅಂಟಿಸಿ ಎಂಟು ವರ್ಷವಾಗಿತ್ತು. ಮನೆಯೊಳಗೆ ಉಣ್ಣುವಾಗ, ಮಾತಾಡುವಾಗ ಮಾತ್ರ ಬಿಚ್ಚಬಹುದು. ಸೊಪ್ಪು ಮಾರುವ ಚಿಕ್ಕತಾಯಮ್ಮ ಬೀದಿಯಲ್ಲೇ ಪಟ್ಟಿ ಕಿತ್ತು ಕೂಗಿ ಸಿಕ್ಕಿಬಿದ್ದಳು.

ಮುಖ ಅಳೆಯುವ ಪುಟ್ಟಮಾದಯ್ಯ ಅಲ್ಲೇ ಬೀದಿಯಲ್ಲಿ ಅವಳ ಗದ್ದಕ್ಕೆ ಅಳತೆಕಡ್ಡಿ ಹಿಡಿದು, ತನ್ನ ಪಟ್ಟಿಯ ತುದಿ ಎತ್ತಿಕೊಂಡು ಹೇಳಿದ: "ಎರಡು ನೂಲು ಹಿಂದೆ ಹೋಗಿದೆ ಕಣಮ್ಮ. ಇನ್ನೊಂದು ಸಲ ಕೂಗಿದ್ರೆ ಸೊಪ್ಪು ಮಾರೋ ಪರವಾನಗಿ ರದ್ದು. ಗಂಟೆ ಕೊಟ್ಟಿಲ್ವಾ? ಅದನ್ನ ಬಾರಿಸು."

"ಬಾರಿಸಿದೆ ಸ್ವಾಮಿ. ಕಸದ ಗಾಡಿ ಬಂತು ಅಂತ ಬೀದಿಯೋರೆಲ್ಲ ನನ್ನ ಬುಟ್ಟಿಗೇ ಕಸ ಸುರಿದ್ರು!"

"ಮುಖದ ಗತಿ?"

"ಅರವತ್ತು ದಾಟ್ತು. ಈ ಮುಖಕ್ಕೆ ಇನ್ನೇನು ಹೆಣ್ಣು ನೋಡೋಕೆ ಬರ್ತಾರಾ? ಮೂಗಲ್ಲಿ ಎಳೆದ ಉಸಿರು ಮೂರನೇ ಮನೆಗೂ ಮುಟ್ಟಲ್ಲ."

ಅವನೆದುರೇ ಬಾಯಗಲಿಸಿ ಎದೆತುಂಬ ಉಸಿರೆಳೆದು ಕೂಗಿದಳು: "ದಂಟೂ... ಕೀರೇ... ಸಬ್ಬಸಿಗೇ ಸೊಪ್ಪೂ!"

ಬಾಗಿಲುಗಳು ತೆರೆದವು. ಹೊರಬಂದ ಹೆಂಗಸರು ಚರ್ರೆಂದು ಪಟ್ಟಿ ಕಿತ್ತರು.

"ತಾಯಮ್ಮಾ, ನಂಗೆರಡು ಕಟ್ಟು ದಂಟು!"

"ಸಬ್ಬಸಿಗೆ ನಂಗಿರಲಿ, ಅವಳಿಗೆ ಕೊಟ್ಟೀಯ ಮತ್ತೆ!"

ಯಾರ ಗದ್ದ ಮೊದಲು ಅಳೆಯಬೇಕೆಂದು ತಿಳಿಯದೆ ಪುಟ್ಟಮಾದಯ್ಯ ಬಾಯಿ ಬಿಟ್ಟುಕೊಂಡು ನಿಂತ.