ಅಪ್ಪ ಮಾಡಿದ ಕಾಫಿ

ಸೀದ ಹಾಲಿನ ವಾಸನೆ ಬಂದರೆ ಈಗಲೂ ನನಗೆ ಯಾರ ಮೇಲೋ ಅನುಮಾನ ಹುಟ್ಟುತ್ತದೆ.

ಆರ್.ಟಿ. ನಗರದ ಬಾಡಿಗೆ ಮನೆಯಲ್ಲಿ ಒಂದು ಭಾನುವಾರ ಮಧ್ಯಾಹ್ನ, ಎಂದೂ ಒಲೆ ಮುಟ್ಟದ ಅಪ್ಪ ಹಾಲು ತಳ ಹಿಡಿಸಿ ಅಮ್ಮನಿಗೆ ಕಾಫಿ ಮಾಡಿಕೊಟ್ಟರು. ಬ್ಯಾಂಕಿನಲ್ಲಿ ಕ್ಲಾರ್ಕ್ ಆಗಿದ್ದ ಅಮ್ಮನಿಗೆ ಆಫೀಸರ್ ಆಗಿ ಬಡ್ತಿ ಬಂದಿತ್ತು; ಹೋಗಬೇಕಾದದ್ದು ರಾಯಚೂರಿಗೆ. ಬಡ್ತಿ ಬೇಡವೆಂಬ ಪತ್ರವನ್ನು ಅಪ್ಪನೇ ಟೈಪ್ ಮಾಡಿಸಿ ತಂದು ಲೋಟದ ಪಕ್ಕ ಇಟ್ಟರು.

“ಮಗೂದು ಸ್ಕೂಲ್ ಹಾಳಾಗುತ್ತೆ ಕಣೇ,” ಎಂದರು.

ಅಮ್ಮ ನನ್ನತ್ತ ತಿರುಗಿದಳು. “ಹೌದೇನೇ? ನಿನಗೆ ಈ ಸ್ಕೂಲೇ ಬೇಕಾ?”

ಬಾಯಿತುಂಬ ಕ್ರೀಮ್ ಬಿಸ್ಕತ್ತು ಇಟ್ಟುಕೊಂಡು ಹೂಂ ಎಂದು ತಲೆಯಾಡಿಸಿದೆ. ಅದನ್ನೂ ಅಪ್ಪನೇ ತಂದಿದ್ದರು. ಕಾಫಿ ಆರುವ ಮೊದಲೇ ಅಮ್ಮ ಸಹಿ ಹಾಕಿದಳು.

ಮರುವರ್ಷ, ಇನ್ನೊಂದು ಬ್ಯಾಂಕಿನಲ್ಲಿದ್ದ ಅಪ್ಪನಿಗೆ ಬಡ್ತಿಯ ಮೇಲೆ ಬೆಳಗಾವಿಗೆ ವರ್ಗವಾಯಿತು. ಅಮ್ಮ ರಾಜೀನಾಮೆ ಕೊಟ್ಟು ಸಾಮಾನು ಕಟ್ಟಿದಳು. ನನ್ನ ಸ್ಕೂಲಿನ ಮಾತನ್ನು ಯಾರೂ ಎತ್ತಲಿಲ್ಲ.